ಸಮುದ್ರಕ್ಕೆ ಬಿದ್ದ ಎಣ್ಣೆ ಎಲ್ಲಿ ಹೋಗುತ್ತದೆ? ತೆಪ್ಪದ ಮೇಲೆ ಕುಳಿತು ನೋಡಿದ ಥೋರ್ ಹೆಯರ್ಡಾಲ್ ಕಥೆ

ಎಲ್ಲೋ ಹಡಗು ಮುಳುಗಿ ಎಣ್ಣೆ ಸೋರಿತು ಎಂಬ ಸುದ್ದಿ ಬಂದರೆ ಸಾಕು, ವಾಟ್ಸಾಪ್‌ನಲ್ಲಿ ಎರಡು ಬಗೆಯ ಫಾರ್ವರ್ಡ್ ಶುರುವಾಗುತ್ತವೆ. ಒಂದು ಸಮಾಧಾನದ್ದು: ಸಮುದ್ರ ಅಷ್ಟು ದೊಡ್ಡದು, ಎಣ್ಣೆ ಹೇಗೂ ಮೇಲೆ ತೇಲುತ್ತದೆ, ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ, ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು ಹೆದರಿಸುವಂಥದ್ದು: ಸಮುದ್ರದ ಪ್ಲಾಂಕ್ಟನ್ ಎಲ್ಲ ಸಾಯುತ್ತಿದೆ, ಇನ್ನು ಕೆಲವೇ ವರ್ಷಗಳಲ್ಲಿ ನಮಗೆ ಉಸಿರಾಡಲು ಆಮ್ಲಜನಕವೇ ಇರುವುದಿಲ್ಲ.

ಎರಡೂ ಪೂರ್ತಿ ನಿಜವಲ್ಲ. ಆದರೆ ಎರಡರಲ್ಲೂ ಒಂದಿಷ್ಟು ನಿಜ ಇದೆ. ಅದನ್ನು ಬಿಡಿಸಿ ನೋಡಲು ನಾರ್ವೆಯ ಥೋರ್ ಹೆಯರ್ಡಾಲ್ ಅವರ ಬದುಕು ಒಳ್ಳೆಯ ದಾರಿ. ತೆಪ್ಪದಲ್ಲಿ ಪೆಸಿಫಿಕ್ ಸಾಗರ ದಾಟಿದವರೆಂದು ಅವರು ಜಗತ್ತಿಗೇ ಗೊತ್ತು. ಆ ಯಾತ್ರೆಯಿಂದ ಅವರು ಸಾಧಿಸಲು ಹೊರಟ ವಾದವನ್ನು ವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಲಿಲ್ಲ. ಆದರೆ ಇನ್ನೊಂದು ಯಾತ್ರೆಯಲ್ಲಿ, ಹುಡುಕದೇ ಇದ್ದಾಗ ಕಣ್ಣಿಗೆ ಬಿದ್ದ ಒಂದು ಸಂಗತಿ ಮಾತ್ರ ಇಂದಿಗೂ ನಿಂತಿದೆ.

ನೀರಿಗೆ ಹೆದರುತ್ತಿದ್ದ ಹುಡುಗ

ಹೆಯರ್ಡಾಲ್ ಹುಟ್ಟಿದ್ದು 1914ರ ಅಕ್ಟೋಬರ್ 6ರಂದು, ನಾರ್ವೆಯ ಲಾರ್ವಿಕ್ ಎಂಬ ಕಡಲತಡಿಯ ಊರಿನಲ್ಲಿ. ತಂದೆ ಬಿಯರ್ ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದರು. ತಾಯಿಗೆ ಡಾರ್ವಿನ್ನನ ವಿಚಾರಗಳಲ್ಲಿ ಬಲು ಆಸಕ್ತಿ, ಮಗನಿಗೂ ಪ್ರಾಣಿಗಳ ಹುಚ್ಚು ಹತ್ತಿದ್ದು ಅವರಿಂದಲೇ. ವಿಚಿತ್ರವೆಂದರೆ, ಮುಂದೆ ಮೂರು ಸಾಗರಗಳಲ್ಲಿ ತೆಪ್ಪ, ದೋಣಿ ತೇಲಿಸಿದ ಈ ಮನುಷ್ಯನಿಗೆ ಚಿಕ್ಕಂದಿನಲ್ಲಿ ನೀರೆಂದರೆ ಭಯ. ಮುಳುಗಿ ಸಾಯುವ ಹಂತಕ್ಕೆ ಹೋಗಿ ಬಂದಿದ್ದರಿಂದ, ಇಪ್ಪತ್ತು ದಾಟಿದ ಮೇಲೂ ಈಜು ಬರುತ್ತಿರಲಿಲ್ಲ.

ಓಸ್ಲೋ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಮತ್ತು ಭೂಗೋಳ ಓದಿದರು. 1937ರಲ್ಲಿ ಹೊಸದಾಗಿ ಮದುವೆಯಾದ ಪತ್ನಿ ಲಿವ್ ಜೊತೆ ಪೆಸಿಫಿಕ್ ಸಾಗರದ ಫಾಟು ಹಿವಾ ದ್ವೀಪಕ್ಕೆ ಹೋಗಿ ಅಲ್ಲೇ ಕೆಲಕಾಲ ಉಳಿದರು. ಅಲ್ಲಿ ಗಾಳಿ, ಪ್ರವಾಹ ಎರಡೂ ಸದಾ ಪೂರ್ವದಿಂದ ಬರುವುದನ್ನು ನೋಡಿ ತಲೆಗೊಂದು ಯೋಚನೆ ಹೊಕ್ಕಿತು. ಈ ದ್ವೀಪಗಳಿಗೆ ಮೊದಲು ಜನ ಬಂದದ್ದು ಏಷ್ಯಾದಿಂದಲ್ಲ, ದಕ್ಷಿಣ ಅಮೆರಿಕದಿಂದ ಇರಬಹುದಲ್ಲ? ಯಾರೂ ನಂಬಲಿಲ್ಲ. ಎರಡನೇ ಮಹಾಯುದ್ಧ ಬಂತು, ಸೇನೆಯಲ್ಲಿ ದುಡಿದರು. ಯುದ್ಧ ಮುಗಿದ ಮೇಲೆ, ಮಾತಿನಲ್ಲಿ ನಂಬದವರಿಗೆ ತೋರಿಸಿಯೇ ಬಿಡೋಣ ಎಂದು ಹೊರಟರು.

ಬಾಲ್ಸಾ ಎಂಬ ಹಗುರ ಮರದ ಒಂಬತ್ತು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಟ್ಟಿದ ತೆಪ್ಪ, ಹೆಸರು ಕಾನ್-ಟಿಕಿ. 1947ರ ಏಪ್ರಿಲ್ 28ರಂದು ಆರು ಜನ ಪೆರು ದೇಶದ ಕಯಾವೊ ಬಂದರಿನಿಂದ ಹೊರಟು, 101 ದಿನ ತೇಲಿ, ಆಗಸ್ಟ್ 7ರಂದು ಪಾಲಿನೇಷ್ಯದ ರರೋಯಾ ಹವಳದ ದಿಬ್ಬಕ್ಕೆ ಬಡಿದು ನಿಂತರು. ಪುಸ್ತಕ ಹತ್ತಾರು ಭಾಷೆಗಳಿಗೆ ಹೋಯಿತು, ಚಿತ್ರಕ್ಕೆ ಆಸ್ಕರ್ ಬಂತು.

ನಮ್ಮ ವಿಷಯಕ್ಕೆ ಬೇಕಾದದ್ದು ಆ 101 ದಿನಗಳ ಒಂದು ಸಣ್ಣ ಕೆಲಸ. ತೆಪ್ಪದ ಹಿಂದೆ ಅವರು ನವಿರಾದ ರೇಷ್ಮೆ ಬಲೆಯೊಂದನ್ನು ಎಳೆದುಕೊಂಡು ಹೋಗುತ್ತಿದ್ದರು. ಎತ್ತಿದರೆ ಅದರ ತುಂಬ ಗಂಜಿಯಂಥ ಪದಾರ್ಥ. ಅದೇ ಪ್ಲಾಂಕ್ಟನ್. ವಾಸನೆ ಕೆಟ್ಟದ್ದು, ಆದರೆ ಕಣ್ಣುಮುಚ್ಚಿ ಬಾಯಿಗೆ ಹಾಕಿದವರಿಗೆ ಸೀಗಡಿಯ ರುಚಿ. ರಾತ್ರಿ ಅದೇ ಬಲೆ ಕೆಂಡದ ಹಾಗೆ ಹೊಳೆಯುತ್ತಿತ್ತು. ಕೆಲ ವರ್ಷಗಳ ಹಿಂದೆ ನಮ್ಮ ಕರಾವಳಿಯಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಮಿಂಚಿದ ವಿಡಿಯೊ ನಿಮಗೂ ಬಂದಿರಬಹುದು. ಅಲ್ಲಿಯೂ ಹೊಳೆದದ್ದು ಇಂಥ ಸೂಕ್ಷ್ಮಜೀವಿಗಳೇ.

ಪ್ಲಾಂಕ್ಟನ್ ಎಂದರೆ ಒಂದು ಜೀವಿಯ ಹೆಸರಲ್ಲ. ಪ್ರವಾಹಕ್ಕೆ ಎದುರಾಗಿ ಈಜಲಾರದೆ, ನೀರು ಒಯ್ದತ್ತ ತೇಲುವ ಎಲ್ಲ ಜೀವಿಗಳಿಗೂ ಒಟ್ಟಾಗಿ ಇಟ್ಟ ಹೆಸರು. ಕನ್ನಡದಲ್ಲಿ ಪ್ಲವಕ ಎನ್ನುತ್ತಾರೆ. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವವು ಸಸ್ಯಪ್ಲವಕ, ಅವನ್ನು ತಿನ್ನುವ ಪುಟ್ಟ ಪ್ರಾಣಿಗಳು ಪ್ರಾಣಿಪ್ಲವಕ. ಮೀನಿನ ಮೊಟ್ಟೆ, ಏಡಿಯ ಮರಿ ಕೂಡ ಮೊದಮೊದಲು ಇದೇ ಗುಂಪಿನಲ್ಲಿ ತೇಲುತ್ತಿರುತ್ತವೆ. ನಮ್ಮ ತಟ್ಟೆಯ ಬೂತಾಯಿ, ಬಂಗುಡೆಗಳು ಬೆಳೆಯುವುದು ಇದನ್ನೇ ತಿಂದು.

ಆ 101 ದಿನ ನೀರಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತಿದ್ದರೂ ಎಣ್ಣೆಯ ಗುರುತೇ ಕಂಡಿರಲಿಲ್ಲ ಎಂದು ಹೆಯರ್ಡಾಲ್ ಮುಂದೆ ಮತ್ತೆ ಮತ್ತೆ ನೆನೆದರು. ಕಾರಣವಿತ್ತು.

ಹಲ್ಲುಜ್ಜಲೂ ಹಿಂಜರಿಯುವಂಥ ನೀರು

ಇಪ್ಪತ್ತೆರಡು ವರ್ಷ ಕಳೆಯಿತು. ಪ್ರಾಚೀನ ಈಜಿಪ್ಟಿನವರ ಜೊಂಡಿನ ದೋಣಿ ಅಟ್ಲಾಂಟಿಕ್ ದಾಟಬಲ್ಲದೇ ಎಂದು ನೋಡುವ ಹೊಸ ಹಟ. ಪಪೈರಸ್ ಜೊಂಡಿನಿಂದ ಕಟ್ಟಿದ ರಾ ಎಂಬ ದೋಣಿ 1969ರ ಮೇ 25ರಂದು ಮೊರೊಕ್ಕೋದ ಸಫಿ ಬಂದರಿನಿಂದ ಹೊರಟಿತು. ದೋಣಿಯ ಮೇಲೆ ಬೇರೆ ಬೇರೆ ದೇಶಗಳ ಜನ, ಹಾರಾಡುತ್ತಿದ್ದುದು ವಿಶ್ವಸಂಸ್ಥೆಯ ಬಾವುಟ.

ದಡದಿಂದ ನೂರಾರು ಮೈಲಿ ದೂರ ಬಂದ ಮೇಲೆ ನೀರಿನಲ್ಲಿ ಕಪ್ಪು, ಕಂದು ಉಂಡೆಗಳು ಕಾಣಿಸತೊಡಗಿದವು. ಕಾಳಿನಷ್ಟು ಸಣ್ಣವೂ ಇದ್ದವು, ದೊಡ್ಡ ಗಡ್ಡೆಗಳೂ ಇದ್ದವು. ಮುಟ್ಟಿದರೆ ಕೈಗೆ ಅಂಟು. ರಸ್ತೆಯ ಡಾಂಬರಿನ ಹಾಗೆ. ಕೆಲವು ದಿನ ಎಷ್ಟು ದಟ್ಟವಾಗಿರುತ್ತಿದ್ದವೆಂದರೆ, ಬೆಳಿಗ್ಗೆ ಹಲ್ಲುಜ್ಜುವ ಬ್ರಶ್ಶನ್ನು ನೀರಿಗೆ ಅದ್ದಲೂ ಮನಸ್ಸಾಗುತ್ತಿರಲಿಲ್ಲ.

ಆ ಸಲ ದೋಣಿ ದಡ ಮುಟ್ಟಲಿಲ್ಲ. ಜೊಂಡು ಬಿಚ್ಚಿಕೊಂಡು, ಇನ್ನೇನು ವಾರದ ದಾರಿ ಇದೆ ಎನ್ನುವಾಗ ದೋಣಿಯನ್ನು ಬಿಡಬೇಕಾಯಿತು. ಆದರೆ ಕಪ್ಪು ಉಂಡೆಗಳ ವರದಿ ವಿಶ್ವಸಂಸ್ಥೆಗೆ ಹೋಯಿತು. ಆಗ ಅದರ ಮಹಾಕಾರ್ಯದರ್ಶಿಯಾಗಿದ್ದವರು ಬರ್ಮಾದ ಊ ಥಾಂಟ್. ಮರುವರ್ಷ ಹೆಯರ್ಡಾಲ್ ಎರಡನೇ ದೋಣಿ ಕಟ್ಟಿಸಿದಾಗ, ಈ ಉಂಡೆಗಳನ್ನು ದಿನವೂ ಗಮನಿಸಿ ದಾಖಲಿಸುವುದೂ ಯಾತ್ರೆಯ ಕೆಲಸವಾಯಿತು.

ರಾ-2 1970ರ ಮೇ 17ರಂದು ಅದೇ ಸಫಿಯಿಂದ ಹೊರಟು, ಜುಲೈ 12ರಂದು ಕೆರಿಬಿಯನ್ನಿನ ಬಾರ್ಬಡೋಸ್ ತಲುಪಿತು. ಎಂಟು ಜನ, 57 ದಿನ, ಸುಮಾರು 6,100 ಕಿ.ಮೀ. ಉಂಡೆಗಳನ್ನು ಹೆಕ್ಕಿ ಇಡುವ ಕೆಲಸ ತಂಡದಲ್ಲಿದ್ದ ಮೊರೊಕ್ಕೋದ ಮದನಿ ಐತ್ ಔಹಾನಿ ಅವರದ್ದು. 57 ದಿನಗಳಲ್ಲಿ 43 ದಿನ ಡಾಂಬರು ಉಂಡೆ ಕಂಡಿತ್ತು.

ಇಷ್ಟು ದೊಡ್ಡ ಸಾಗರದಲ್ಲಿ ದಿನವೂ ಹಡಗುಗಳು ಓಡಾಡುತ್ತಿದ್ದವಲ್ಲ, ಬೇರೆಯವರಿಗೇಕೆ ಕಾಣಲಿಲ್ಲ? ಹಡಗಿನ ಅಟ್ಟ ನೀರಿನಿಂದ ಎಷ್ಟೋ ಎತ್ತರ, ವೇಗವೂ ಹೆಚ್ಚು. ಮುಂದಿನ ಅಲೆ ಇಂಥ ಉಂಡೆಗಳನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಜೊಂಡಿನ ದೋಣಿಯಲ್ಲಿ ಕುಳಿತವರು ಮಾತ್ರ ನಡೆಯುವ ವೇಗದಲ್ಲಿ, ಕೈಗೆ ಸಿಗುವಷ್ಟು ಹತ್ತಿರದಿಂದ ನೀರು ನೋಡುತ್ತ ಹೋಗುತ್ತಾರೆ. ಅದೇ ಹೊತ್ತಿಗೆ ಅಮೆರಿಕದ ಸಂಶೋಧಕರು ಸಮುದ್ರದ ಮೇಲ್ಮೈಗೇ ಬಲೆ ಹಾಕಿ ಎಳೆದು ಇಂಥದೇ ಉಂಡೆಗಳನ್ನು ಕಂಡು, 1970ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಾಗಾಗಿ ಇದನ್ನು ಸಾಹಸಿಯೊಬ್ಬರ ಕಟ್ಟುಕಥೆ ಎಂದು ತಳ್ಳಿಹಾಕುವಂತಿರಲಿಲ್ಲ.

ಎಣ್ಣೆ ಬಂದದ್ದು ಎಲ್ಲಿಂದ? ಎಣ್ಣೆ ಎಂದ ಕೂಡಲೇ ನಮಗೆ ನೆನಪಾಗುವುದು ದೊಡ್ಡ ಅಪಘಾತಗಳು. 1967ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಹತ್ತಿರ ಟಾರಿ ಕ್ಯಾನಿಯನ್ ಎಂಬ ಟ್ಯಾಂಕರ್ ಬಂಡೆಗೆ ಬಡಿದು ಒಂದು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ತೈಲ ಹೊತ್ತು ಒಡೆದಿತ್ತು. ಆದರೆ ನಡುಸಾಗರದ ಉಂಡೆಗಳಿಗೆ ಬಹುಪಾಲು ಕಾರಣ ಅಪಘಾತವಲ್ಲ, ದಿನನಿತ್ಯದ ಅಭ್ಯಾಸ. ತೈಲ ಇಳಿಸಿದ ಟ್ಯಾಂಕರ್ ಖಾಲಿ ಓಡಿದರೆ ತೂಕ ಸಾಲದು. ಅದಕ್ಕೆ ಅದೇ ತೊಟ್ಟಿಗಳಿಗೆ ಸಮುದ್ರದ ನೀರು ತುಂಬುತ್ತಿದ್ದರು. ಮತ್ತೆ ತೈಲ ತುಂಬುವ ಮೊದಲು ತೊಟ್ಟಿ ತೊಳೆದು, ಎಣ್ಣೆ ಬೆರೆತ ಆ ನೀರನ್ನು ಸಮುದ್ರಕ್ಕೆ ಬಿಡುತ್ತಿದ್ದರು. ಹಗುರವಾದ ಭಾಗ ಒಂದೆರಡು ದಿನದಲ್ಲಿ ಆವಿಯಾಗುತ್ತದೆ. ಉಳಿದದ್ದು ನೀರು ಕುಡಿದು ಮಂದವಾಗಿ, ಅಲೆಗಳಿಗೆ ಸಿಕ್ಕಿ ಚೂರಾಗಿ, ಕೊನೆಗೆ ಡಾಂಬರು ಉಂಡೆಯಾಗುತ್ತದೆ.

ಉಂಡೆಯ ಮೇಲೆ ಸಂಸಾರ

ಆ ಉಂಡೆಗಳಲ್ಲಿ ಕೆಲವು ಬರಿದಾಗಿರಲಿಲ್ಲ ಎನ್ನುವುದೇ ಈ ಕಥೆಯ ಸ್ವಾರಸ್ಯ. ಅವುಗಳ ಮೇಲೆ ಬಾರ್ನಕಲ್‌ಗಳು ಕುಳಿತಿದ್ದವು. ಇವು ದೋಣಿಯ ತಳಕ್ಕೆ ಅಂಟಿ ಬೆಳೆಯುವ, ಚಿಪ್ಪಿರುವ ಪುಟ್ಟ ಜೀವಿಗಳು. ನೋಡಲು ಕಪ್ಪೆಚಿಪ್ಪಿನಂತಿದ್ದರೂ ಸಂಬಂಧ ಸೀಗಡಿ, ಏಡಿಗಳದ್ದು. ಮರಿಯಾಗಿದ್ದಾಗ ಪ್ಲಾಂಕ್ಟನ್ನಿನ ಜೊತೆ ತೇಲುತ್ತವೆ, ಗಟ್ಟಿ ನೆಲೆ ಸಿಕ್ಕ ಕೂಡಲೇ ಅಂಟಿಕೊಂಡು ಜೀವನಪೂರ್ತಿ ಅಲ್ಲೇ ಇರುತ್ತವೆ. ನಡುಸಾಗರದಲ್ಲಿ ಮರದ ತುಂಡು ಸಿಗುವುದೇ ಅಪರೂಪ. ಡಾಂಬರು ಉಂಡೆ ಸಿಕ್ಕರೆ ಅದೇ ಮನೆ! ಅಮೆರಿಕದ ಸಂಶೋಧಕರಿಗೆ ಉಂಡೆಗಳ ಮೇಲೆ ಬಾರ್ನಕಲ್ ಜೊತೆಗೆ ಪುಟ್ಟ ಹುಳುವಿನಂಥ ಐಸೊಪಾಡ್ ಜೀವಿಗಳೂ ಸಿಕ್ಕವು. ಮೇಲ್ಮೈಯಲ್ಲಿ ಪ್ಲಾಂಕ್ಟನ್ ತಿನ್ನುವ ಸೌರಿ ಎಂಬ ಮೀನಿನ ಹೊಟ್ಟೆ ಸೀಳಿದರೆ ಅಲ್ಲೂ ಡಾಂಬರು.

ಎಂದರೆ, ಎಣ್ಣೆ ಮೇಲೆ ತೇಲುತ್ತದೆ, ಜೀವಿಗಳು ಕೆಳಗಿರುತ್ತವೆ, ಒಂದಕ್ಕೊಂದು ಸಂಬಂಧವಿಲ್ಲ ಎನ್ನುವ ಫಾರ್ವರ್ಡ್ ಇಲ್ಲೇ ಬಿದ್ದುಹೋಯಿತು.

ಇನ್ನೂ ಸೂಕ್ಷ್ಮವಾದ ಸಂಬಂಧವನ್ನು ತೋರಿಸಿದ್ದು ಅದೇ 1970ರ ಇನ್ನೊಂದು ಘಟನೆ. ರಾ-2 ಹೊರಡುವುದಕ್ಕೆ ಮೂರು ತಿಂಗಳು ಮೊದಲು, ಫೆಬ್ರವರಿಯಲ್ಲಿ, ಕೆನಡಾದ ಚೆಡಬುಕ್ಟೊ ಕೊಲ್ಲಿಯಲ್ಲಿ ಆ್ಯರೋ ಎಂಬ ಟ್ಯಾಂಕರ್ ಬಂಡೆಗೆ ಬಡಿದು ದಪ್ಪ ಇಂಧನ ತೈಲ ಸೋರಿತು. ರಾಬರ್ಟ್ ಕಾನೊವರ್ ಎಂಬ ವಿಜ್ಞಾನಿ ಅಲ್ಲಿನ ಕೋಪಿಪಾಡ್‌ಗಳನ್ನು ಹಿಡಿದು ನೋಡಿದರು. ಕೋಪಿಪಾಡ್ ಎಂದರೆ ಅಕ್ಕಿಕಾಳಿಗಿಂತ ಚಿಕ್ಕ, ಪಾರದರ್ಶಕ ಮೈಯ ಪ್ರಾಣಿಪ್ಲವಕ. ನೀರಿನಲ್ಲಿ ತೇಲುವ ಸಣ್ಣ ಕಣಗಳನ್ನು ಸೋಸಿ ತಿನ್ನುವುದು ಅದರ ಕೆಲಸ. ಅಲೆಗಳು ಎಣ್ಣೆಯನ್ನು ಕಡೆದಾಗ ಉಂಟಾಗುವ ಹನಿಗಳ ಗಾತ್ರವೂ ಸುಮಾರಾಗಿ ಅದರ ಊಟದ ಗಾತ್ರವೇ. ತಿಂಡಿ ಯಾವುದು, ಎಣ್ಣೆ ಯಾವುದು ಎಂದು ನೋಡದೆ ಅದು ನುಂಗಿಬಿಟ್ಟಿತ್ತು.

ನುಂಗಿದ ಎಣ್ಣೆ ಅದರ ಹಿಕ್ಕೆಯಲ್ಲಿ ಸೇರಿ ಹೊರಬಂತು. ಹಿಕ್ಕೆ ನೀರಿಗಿಂತ ಭಾರ, ಹಾಗಾಗಿ ತಳಕ್ಕೆ ಇಳಿಯಿತು. ನೀರಿನಲ್ಲಿ ಹನಿಯಾಗಿ ಚದುರಿದ್ದ ಎಣ್ಣೆಯಲ್ಲಿ ಐದರಲ್ಲೊಂದು ಪಾಲಿನವರೆಗೆ ಹೀಗೆಯೇ ತಳ ಸೇರಿರಬಹುದು ಎಂದು ಕಾನೊವರ್ ಲೆಕ್ಕ ಹಾಕಿದರು. ಮೇಲೆ ನೋಡಿದವರಿಗೆ ನೀರು ತಿಳಿಯಾಯಿತು. ಆದರೆ ಎಣ್ಣೆ ಮಾಯವಾಗಿರಲಿಲ್ಲ, ಕೆಳಗಿನ ಕೆಸರಿಗೆ, ಅಲ್ಲಿನ ಹುಳು-ಏಡಿಗಳ ಪಾಲಿಗೆ ಹೋಗಿತ್ತು. ಮನೆಯ ಕಸವನ್ನು ಚಾಪೆಯ ಕೆಳಗೆ ತಳ್ಳಿದ ಹಾಗೆ.

2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಬಾವಿ 87 ದಿನ ತೈಲ ಉಗುಳಿದಾಗ ಇದರ ಇನ್ನೊಂದು ಮುಖ ಕಂಡಿತು. ಸಸ್ಯಪ್ಲವಕ ಮತ್ತು ಬ್ಯಾಕ್ಟೀರಿಯಾಗಳು ಲೋಳೆಯಂಥ ಅಂಟನ್ನು ಸುರಿಸುತ್ತವೆ. ಆ ಅಂಟಿಗೆ ಎಣ್ಣೆಯ ಹನಿಗಳು, ಸತ್ತ ಜೀವಿಗಳು, ಮಣ್ಣಿನ ಕಣಗಳು ಸಿಕ್ಕಿ ಹತ್ತಿಯ ಎಳೆಗಳಂತಾಗಿ ಆಳಕ್ಕೆ ಉದುರಿದವು. ವಿಜ್ಞಾನಿಗಳು ಇದನ್ನು ಎಣ್ಣೆಯ ಹಿಮಪಾತ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಆಳದ ಹವಳಗಳ ಮೇಲೂ ಅದು ಬಿದ್ದಿತ್ತು.

ಹಾಗಾದರೆ ಪ್ಲಾಂಕ್ಟನ್ ಸಾಯುವುದಿಲ್ಲವೇ? ಸಾಯುತ್ತದೆ. ಕಚ್ಚಾ ತೈಲದಲ್ಲಿರುವ ಕೆಲವು ಅಣುಗಳು ನೀರಿನಲ್ಲಿ ಕರಗಿ ವಿಷವಾಗುತ್ತವೆ. ಪಾರದರ್ಶಕ ಮೈಯ ಮರಿಗಳೊಳಗೆ ಆ ಅಣುಗಳು ಸೇರಿ ಮೇಲಿಂದ ಬಿಸಿಲು ಬಿದ್ದರೆ ವಿಷ ಹಲವು ಪಟ್ಟು ಹೆಚ್ಚುತ್ತದೆ. ಹೆಚ್ಚು ಪೆಟ್ಟು ತಿನ್ನುವುದು ಮೀನಿನ ಮೊಟ್ಟೆ ಮತ್ತು ಮರಿಗಳು. ಆದರೆ ಪರಿಣಾಮ ಯಾವಾಗಲೂ ನಾವು ಎಣಿಸಿದಂತಿರುವುದಿಲ್ಲ. 1977ರಲ್ಲಿ ಸ್ವೀಡನ್ನಿನ ಹತ್ತಿರ ತ್ಸೇಸಿಸ್ ಎಂಬ ಟ್ಯಾಂಕರ್‌ನಿಂದ ತೈಲ ಸೋರಿದಾಗ ಪ್ರಾಣಿಪ್ಲವಕ ಕಡಿಮೆಯಾಯಿತು, ಸಸ್ಯಪ್ಲವಕ ಹೆಚ್ಚಾಯಿತು. ಮೇಯುವವರು ಇಲ್ಲದ ಹೊಲದಲ್ಲಿ ಹುಲ್ಲು ಬೆಳೆದ ಹಾಗೆ. ಪ್ಲಾಂಕ್ಟನ್ ಬೇಗ ಸಂತಾನ ಹೆಚ್ಚಿಸಿಕೊಳ್ಳುತ್ತದೆ, ಪ್ರವಾಹ ಹೊಸದನ್ನು ತರುತ್ತದೆ. ಆದ್ದರಿಂದ ತೆರೆದ ಸಮುದ್ರದಲ್ಲಿ ವಾರಗಳಲ್ಲೇ ಚೇತರಿಸಿಕೊಳ್ಳುವುದುಂಟು. ಕೆಸರಿಗೆ ಇಳಿದ ಎಣ್ಣೆಯ ವಿಷಯ ಹಾಗಲ್ಲ, ಅದು ವರ್ಷಗಟ್ಟಲೆ ಉಳಿಯುತ್ತದೆ.

ಬ್ಯಾಕ್ಟೀರಿಯಾ ಎಣ್ಣೆ ತಿನ್ನುವುದೂ ನಿಜವೇ. ಇದಕ್ಕೊಂದು ಹಳೆಯ ನಂಟಿದೆ. ಪೆಟ್ರೋಲ್ ಎಂದರೆ ಡೈನೋಸಾರ್‌ಗಳ ರಸ ಎಂಬ ಫಾರ್ವರ್ಡ್ ಓದಿದ್ದೀರಲ್ಲ, ಅದು ತಪ್ಪು. ಕಚ್ಚಾ ತೈಲದ ಬಹುಪಾಲು ಕೋಟ್ಯಂತರ ವರ್ಷಗಳ ಹಿಂದೆ ಸತ್ತು ಸಮುದ್ರದ ತಳದ ಕೆಸರಿನಲ್ಲಿ ಹೂತುಹೋದ ಪ್ಲಾಂಕ್ಟನ್. ಭೂಮಿಯ ಬಿಸಿಗೆ ಬೆಂದು ಎಣ್ಣೆಯಾದದ್ದು. ಇಂದಿನ ಸಸ್ಯಪ್ಲವಕಗಳಲ್ಲೂ ಕೆಲವು ಎಣ್ಣೆಯಂಥ ಅಣುಗಳನ್ನು ತಾವೇ ತಯಾರಿಸುತ್ತವೆ. ಅದನ್ನು ತಿಂದು ಅಭ್ಯಾಸವಿರುವ ಬ್ಯಾಕ್ಟೀರಿಯಾಗಳು ಸಮುದ್ರದಲ್ಲಿ ಮೊದಲೇ ಇವೆ. ತೈಲ ಸೋರಿದಾಗ ಅವು ಒಮ್ಮೆಲೇ ಹೆಚ್ಚಾಗುತ್ತವೆ. ಆದರೆ ಅವು ಮೊದಲು ತಿನ್ನುವುದು ಸುಲಭದ ಅಣುಗಳನ್ನು. ಡಾಂಬರಿನಂಥ ಭಾರದ ಭಾಗವನ್ನು ಹಾಗೇ ಬಿಟ್ಟುಬಿಡುತ್ತವೆ. ಹೆಯರ್ಡಾಲ್ ಹೆಕ್ಕಿದ್ದು ಆ ಉಳಿಕೆಯನ್ನೇ.

ಸರಿ ಮತ್ತು ತಪ್ಪು

ರಾ-2ರ ನಂತರ ಹೆಯರ್ಡಾಲ್ ಎಲ್ಲಿ ಮಾತಾಡಿದರೂ ಸಮುದ್ರದ ಮಾತು ತಂದರು. ಸಮುದ್ರ ಸತ್ತರೆ ಭೂಮಿಯೂ ಸಾಯುತ್ತದೆ ಎನ್ನುವುದು ಅವರ ಎಚ್ಚರಿಕೆಯಾಗಿತ್ತು. ಸಮುದ್ರ ನಾವು ಎಣಿಸಿದಷ್ಟು ದೊಡ್ಡದಲ್ಲ, ಒಂದು ದಡದ ಕೊಳೆ ಇನ್ನೊಂದು ದಡಕ್ಕೆ ಹೋಗಿಯೇ ಹೋಗುತ್ತದೆ ಎನ್ನುವ ಭಾಗ ಗಟ್ಟಿಯಾದದ್ದು. ಅವರ ದೋಣಿಯನ್ನು ಒಯ್ದ ಪ್ರವಾಹವೇ ಉಂಡೆಗಳನ್ನೂ ಒಯ್ಯುತ್ತಿತ್ತು.

ಆದರೆ ಪ್ಲಾಂಕ್ಟನ್ ಸತ್ತರೆ ನಮ್ಮ ಉಸಿರು ನಿಲ್ಲುತ್ತದೆ ಎಂಬ ಭಯ ಆ ಕಾಲದಲ್ಲಿ ಹರಡಿತ್ತಲ್ಲ, ಅದು ಸರಿಯಲ್ಲ. ಭೂಮಿಯಲ್ಲಿ ಪ್ರತಿವರ್ಷ ಹೊಸದಾಗಿ ತಯಾರಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧ ಸಮುದ್ರದ ಸಸ್ಯಪ್ಲವಕಗಳದ್ದು, ನಿಜ. ಆದರೆ ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಮುದ್ರದ ಜೀವಿಗಳ ಉಸಿರಾಟಕ್ಕೆ, ಕೊಳೆಯುವಿಕೆಗೆ ಅಲ್ಲೇ ಖರ್ಚಾಗುತ್ತದೆ. ಗಾಳಿಯಲ್ಲಿರುವ 21% ಆಮ್ಲಜನಕ ಕೋಟ್ಯಂತರ ವರ್ಷಗಳಿಂದ ಕೂಡಿಟ್ಟ ಗಂಟು. ಈ ಲೆಕ್ಕವನ್ನು ವ್ಯಾಲೇಸ್ ಬ್ರೋಕರ್ ಎಂಬ ವಿಜ್ಞಾನಿ 1970ರಲ್ಲೇ ಬಿಡಿಸಿ ತೋರಿಸಿದ್ದರು. ಪ್ಲಾಂಕ್ಟನ್ ಹೋದರೆ ಮೊದಲು ಖಾಲಿಯಾಗುವುದು ಗಾಳಿಯಲ್ಲ, ಮೀನಿನ ಬುಟ್ಟಿ. ಈಗಲೂ ಆಮ್ಲಜನಕದ ಫಾರ್ವರ್ಡ್ ಬಂದರೆ ಇದನ್ನು ನೆನಪಿಡಿ.

ತೊಟ್ಟಿ ತೊಳೆದ ನೀರನ್ನು ಸುರಿಯುವುದಕ್ಕೆ ಲಗಾಮು ಹಾಕುವ ಅಂತರರಾಷ್ಟ್ರೀಯ ಒಪ್ಪಂದ, ಮಾರ್ಪೋಲ್, 1973ರಲ್ಲಿ ರೂಪುಗೊಂಡಿತು. 1978ರಲ್ಲಿ ಬಿಗಿಯಾಯಿತು, 1983ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಟ್ಯಾಂಕರ್‌ಗಳಲ್ಲಿ ತೂಕದ ನೀರಿಗೆ ಬೇರೆಯೇ ತೊಟ್ಟಿ ಬಂತು. ಇದೆಲ್ಲ ಹೆಯರ್ಡಾಲ್ ಒಬ್ಬರಿಂದ ಆಯಿತು ಎಂದರೆ ಉತ್ಪ್ರೇಕ್ಷೆ. ಟಾರಿ ಕ್ಯಾನಿಯನ್‌ನಂಥ ಅಪಘಾತಗಳು ಸರಕಾರಗಳನ್ನು ಮೊದಲೇ ಎಬ್ಬಿಸಿದ್ದವು. ಅವರು ಸೇರಿಸಿದ್ದು ಅಪಘಾತವೇ ಇಲ್ಲದ ಕಡೆಯೂ ಎಣ್ಣೆ ಇದೆ ಎಂಬ ಸಾಕ್ಷಿಯನ್ನು. ಅಟ್ಲಾಂಟಿಕ್‌ನ ಬರ್ಮುಡಾ ದ್ವೀಪದ ದಡಕ್ಕೆ ಬರುತ್ತಿದ್ದ ಡಾಂಬರು 1980ರ ದಶಕದಲ್ಲಿ ಎದ್ದುಕಾಣುವಷ್ಟು ಕಡಿಮೆಯಾಯಿತು.

1977ರಲ್ಲಿ ಅವರು ಇರಾಕಿನಲ್ಲಿ ಟೈಗ್ರಿಸ್ ಎಂಬ ಇನ್ನೊಂದು ಜೊಂಡಿನ ದೋಣಿ ಕಟ್ಟಿ, ಪರ್ಷಿಯನ್ ಕೊಲ್ಲಿಯ ಟ್ಯಾಂಕರ್‌ಗಳ ಸಾಲಿನ ನಡುವೆ ದಾಟಿ, ಪಾಕಿಸ್ತಾನದ ದಡಕ್ಕೆ ಬಂದು, ನಮ್ಮ ಅರಬ್ಬೀ ಸಮುದ್ರವನ್ನು ಹಾದು ಆಫ್ರಿಕಾದ ಜಿಬೂಟಿ ತಲುಪಿದರು. ಸುತ್ತಲೂ ಯುದ್ಧ, ಮುಂದೆ ಹೋಗಲು ದಾರಿಯಿಲ್ಲ. 1978ರ ಏಪ್ರಿಲ್ 3ರಂದು ಯುದ್ಧಗಳನ್ನು ಪ್ರತಿಭಟಿಸಿ ದೋಣಿಗೆ ತಾವೇ ಬೆಂಕಿ ಇಟ್ಟರು.

ಪಾಲಿನೇಷ್ಯದ ಜನ ದಕ್ಷಿಣ ಅಮೆರಿಕದಿಂದ ಬಂದರೆಂಬ ಅವರ ಮುಖ್ಯ ವಾದವನ್ನು ಭಾಷೆ, ಪುರಾತತ್ತ್ವ, ಡಿಎನ್ಎ ಯಾವುದೂ ಬೆಂಬಲಿಸಲಿಲ್ಲ. ಅವರು ಬಂದದ್ದು ಏಷ್ಯಾದ ಕಡೆಯಿಂದಲೇ. ನಾಗರಿಕತೆ ತಂದವರು ಬಿಳಿಯರು ಎಂಬ ಅವರ ಬರಹದ ಧಾಟಿಯೂ ಟೀಕೆಗೆ ಗುರಿಯಾಯಿತು, ಅದು ನ್ಯಾಯವಾದ ಟೀಕೆ. ಆದರೆ ಸುಮಾರು 800 ವರ್ಷಗಳ ಹಿಂದೆ ಎರಡೂ ಕಡೆಯ ಜನ ಎಲ್ಲೋ ಭೇಟಿಯಾಗಿ ರಕ್ತಸಂಬಂಧ ಬೆಳೆದಿತ್ತು ಎಂದು 2020ರ ಡಿಎನ್ಎ ಅಧ್ಯಯನ ತೋರಿಸಿತು. ಅಷ್ಟರಮಟ್ಟಿಗೆ ಅವರಿಗೆ ಪಾಸ್ ಮಾರ್ಕು. ಹೆಯರ್ಡಾಲ್ ಅದನ್ನು ನೋಡಲು ಇರಲಿಲ್ಲ. 2002ರ ಏಪ್ರಿಲ್ 18ರಂದು, 87ನೇ ವಯಸ್ಸಿನಲ್ಲಿ ಇಟಲಿಯಲ್ಲಿ ತೀರಿಕೊಂಡರು. ಕಾನ್-ಟಿಕಿ ಮತ್ತು ರಾ-2 ಈಗ ಓಸ್ಲೋದ ವಸ್ತುಸಂಗ್ರಹಾಲಯದಲ್ಲಿವೆ.

ನಮ್ಮ ದಡದಲ್ಲಿ

ಅಟ್ಲಾಂಟಿಕ್‌ನಲ್ಲಿ ಕಡಿಮೆಯಾದ ಮಾತ್ರಕ್ಕೆ ಉಂಡೆಗಳು ಮುಗಿದಿಲ್ಲ. ಮಳೆಗಾಲದ ಹೊತ್ತಿಗೆ ಗೋವಾ, ಕಾರವಾರದ ಕಡಲತೀರಗಳಲ್ಲಿ ಡಾಂಬರು ಉಂಡೆ ಬಿದ್ದ ಸುದ್ದಿಯನ್ನು ನೀವು ಓದಿರಬಹುದು. ನೈಋತ್ಯ ಮಾರುತದ ಗಾಳಿ, ಪ್ರವಾಹ ಅವನ್ನು ದಡಕ್ಕೆ ತಳ್ಳುತ್ತವೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಉಂಡೆಗಳ ರಾಸಾಯನಿಕ ಬೆರಳಚ್ಚು ತೆಗೆದು ನೋಡಿದಾಗ, ಕೆಲವು ಟ್ಯಾಂಕರ್ ತೊಳೆದ ಎಣ್ಣೆಗೆ, ಕೆಲವು ಬಾಂಬೆ ಹೈ ತೈಲಕ್ಷೇತ್ರದ ಎಣ್ಣೆಗೆ ಹೊಂದಿಕೆಯಾದವು.

ಕಾಲಿಗೆ ಅಂಟಿದರೆ ಗಾಬರಿ ಬೇಡ. ಕೊಬ್ಬರಿ ಎಣ್ಣೆಯನ್ನೋ ಅಡುಗೆ ಎಣ್ಣೆಯನ್ನೋ ಹಚ್ಚಿ ಉಜ್ಜಿ, ಸೋಪು ಹಾಕಿ ತೊಳೆಯಿರಿ. ಪೆಟ್ರೋಲ್, ಸೀಮೆಎಣ್ಣೆ, ತಿನ್ನರ್ ಹಚ್ಚಬೇಡಿ, ಡಾಂಬರಿಗಿಂತ ಅವೇ ಚರ್ಮಕ್ಕೆ ಕೆಟ್ಟದ್ದು. ಉರಿ, ಗುಳ್ಳೆ ಎದ್ದರೆ ಡಾಕ್ಟರಿಗೆ ತೋರಿಸಿ. ದಡದಲ್ಲಿ ಬಿದ್ದ ಉಂಡೆಯನ್ನು ಒಂದು ಕಡ್ಡಿಯಿಂದ ತಿರುಗಿಸಿ ನೋಡಿ. ಮೇಲೆ ಚಿಕ್ಕ ಚಿಕ್ಕ ಚಿಪ್ಪುಗಳು ಕುಳಿತಿದ್ದರೆ ಅದು ನಿನ್ನೆ ಮೊನ್ನೆ ಸೋರಿದ ಎಣ್ಣೆಯಲ್ಲ, ವಾರಗಟ್ಟಲೆ ತೇಲಿ ಬಂದದ್ದು.